ತೆನೆ ಹಬ್ಬದ ದಿನ ಕೈಗೆ ಬಂದ ವಂಶಾವಳಿ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮೋತ್ಸವ. ಕರಾವಳಿಯ ಕೊಂಕಣಿ ಕಥೋಲಿಕರಿಗೆ ಅದು ಮೊಂತಿ ಫೆಸ್ತ್, ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸಿದ ಬಳಿಕ ಹಬ್ಬದ ಬೆಳಿಗ್ಗೆ ಹೊಸ ತೆನೆಯ ಆಶೀರ್ವಾದ ನಡೆಯುತ್ತದೆ. ಮನೆಗೆ ತಂದ ತೆನೆಯ ಕಾಳು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಊಟಕ್ಕೆ ಮೀನು ಮಾಂಸ ಇಲ್ಲ. ಇದೆಲ್ಲ ವಾಚಕರಿಗೆ ತಿಳಿದದ್ದೇ. ಆದರೆ ಆ ದಿನದ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಯಾವುದು ಎಂದು ಕೇಳಿದರೆ ಥಟ್ಟನೆ ಹೇಳುವವರು ಕಡಿಮೆ. ಅದು ಸಂತ ಮತ್ತಾಯನ ಮೊದಲ ಅಧ್ಯಾಯ, ಅಬ್ರಹಾಮನಿಂದ ಯೇಸುಸ್ವಾಮಿಯವರೆಗಿನ ವಂಶಾವಳಿ. ಹೆಸರುಗಳ ಉದ್ದನೆಯ ಸಾಲನ್ನು ಬಿಟ್ಟು ಮುಂದಿನ ಭಾಗವನ್ನಷ್ಟೇ ಓದಲು ಅವಕಾಶವಿದೆ; ಅನೇಕ ಗುರುಗಳು ಹಾಗೆಯೇ ಮಾಡುತ್ತಾರೆ. ಮಕ್ಕಳು ಹಸಿದಿರುತ್ತಾರೆ, ತೆನೆ ಹಂಚುವುದು ಬಾಕಿ ಇರುತ್ತದೆ, ತಪ್ಪೆನ್ನಲಾಗದು.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಗುರುಗಳು ಒಂದು ಹೆಸರನ್ನೂ ಬಿಡದೆ ಓದಿದರು. ಅದೇ ಮಧ್ಯಾಹ್ನ, ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಕುಳಿತಿದ್ದಾಗ, ನಮ್ಮ ದೊಡ್ಡಪ್ಪ ಒಂದು ಫೈಲನ್ನು ತಂದು ನಮ್ಮ ಮುಂದಿಟ್ಟರು. ಮೂಲಮನೆಗೆ ನೂರು ವರ್ಷ ತುಂಬುವ ಸಂದರ್ಭಕ್ಕೆಂದು ಅವರು ಸಿದ್ಧಪಡಿಸಿದ್ದ ಮನೆತನದ ಚರಿತ್ರೆ ಅದರಲ್ಲಿತ್ತು. ನಲವತ್ತು ಪುಟ, ಟೈಪ್ ಆಗಿತ್ತು. ಸೋದರಸಂಬಂಧಿಗಳಾದ ನಾವು ಮೂವರು ಅಷ್ಟಿಷ್ಟು ಓದಿಕೊಂಡವರೆಂದು ಅಚ್ಚಿಗೆ ಹೋಗುವ ಮುನ್ನ ಅಕ್ಷರದೋಷ ತಿದ್ದಿಕೊಡಬೇಕೆಂದು ಹೇಳಿದರು.

ಫೈಲಿನಲ್ಲಿದ್ದ ಕಥೆ ಇಷ್ಟು. ನಮ್ಮ ಮೂಲಪುರುಷರು ಗೋವೆಯ ಕುಡ್ತರಿ ಗ್ರಾಮದ ಪ್ರಭು ಎಂಬ ಸಾರಸ್ವತ ಬ್ರಾಹ್ಮಣರು. ಕಥೋಲಿಕರಾದ ಮೇಲೆ ಅವರು ಪೋರ್ಚುಗೀಸ್ ಕಪ್ತಾನನೊಬ್ಬನ ಆಪ್ತರಾದರು, ಅವನ ಮನೆತನದ ಹೆಸರೂ ಲಾಂಛನವೂ ಇವರಿಗೆ ಬಂತು. 1560ರಲ್ಲಿ ಇನ್‌ಕ್ವಿಸಿಷನ್ನಿಗೆ ಹೆದರಿ ದೋಣಿಯಲ್ಲಿ ಕೆನರಾಕ್ಕೆ ಬಂದರು. ಇಲ್ಲಿ ನೂರಾರು ಮುಡಿ ಹುಟ್ಟುವಳಿಯ ಜಮೀನಿನ ವರ್ಗದಾರರಾದರು. 1784ರಲ್ಲಿ ಟಿಪ್ಪುವಿನ ಸೈನಿಕರು ಸೆರೆಹಿಡಿದು ಒಯ್ಯುವಾಗ ನಮ್ಮವರೊಬ್ಬರು ಘಾಟಿಯ ಕಾಡಿನಲ್ಲಿ ತಪ್ಪಿಸಿಕೊಂಡರು. ಮೂಲಪುರುಷನಿಂದ ದೊಡ್ಡಪ್ಪನವರೆಗೆ ಒಟ್ಟು ಹದಿನಾಲ್ಕು ತಲೆಮಾರು. ಎಲ್ಲರೂ ಗಂಡಸರು, ಎಲ್ಲರ ಹೆಸರೂ ಉಂಟು. ಮುಖಪುಟಕ್ಕೆಂದು ಸಿಂಹವೂ ಕಿರೀಟವೂ ಇದ್ದ ಲಾಂಛನದ ಬಣ್ಣದ ಚಿತ್ರವನ್ನು ಅಂಟಿಸಲಾಗಿತ್ತು.

ನಾವು ಮೂವರೂ ಈ ಕಥೆಯನ್ನು ಬಾಲ್ಯದಿಂದ ಕೇಳಿದವರೇ. ನಂಬಿದ್ದೆವು ಕೂಡ. ಕುಡಿಯಲು ಕಷಾಯ ತಂದ ಅತ್ತೆಯ ಮಗಳು ಮಾತ್ರ ಫೈಲಿನ ಎರಡು ಪುಟ ತಿರುವಿ ನೋಡಿ, "ಇದರಲ್ಲಿ ಬರೆದದ್ದೆಲ್ಲ ನಿಜವಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಅವರ ಬಾಯಿಂದ ಬಂದದ್ದಕ್ಕೆ ಕಾರಣವಿತ್ತು. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು ಅವರಿಗೊಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಶಾಲಾ ಮಾಸ್ತರ, ಇಬ್ಬರಿಗೂ ಒಪ್ಪಿಗೆಯಿತ್ತು. ಬಾಮೊಣ್, ಚಾರೊಡಿ, ಸುದಿರ್, ಗಾವ್ಡಿ ಎಂಬ ಭೇದಗಳು ಗೋವೆಯಿಂದ ನಮ್ಮ ಹಿರಿಯರ ಜೊತೆಗೇ ಬಂದು ಜ್ಞಾನಸ್ನಾನದ ನೀರಿನಲ್ಲೂ ಕರಗದೆ ಉಳಿದದ್ದು ವಾಚಕರಿಗೆ ಗೊತ್ತು. "ಕುಡ್ತರಿಯ ಪ್ರಭುಗಳ ಮನೆಯಿಂದ ಅಂಥಲ್ಲಿಗೆ ಹೆಣ್ಣು ಕೊಡುವುದಿಲ್ಲ" ಎಂದು ಹಿರಿಯರು ಆ ಸಂಬಂಧವನ್ನು ಬೇಡವೆಂದರು. ಅವರ ಮದುವೆ ಆಮೇಲೆ ಆಗಲೇ ಇಲ್ಲ.

ಹೀಗಾಗಿ ಅಕ್ಷರದೋಷ ತಿದ್ದಲು ಕುಳಿತ ನಾವು ಬೇರೆಯೇ ಕೆಲಸಕ್ಕೆ ತೊಡಗಿದೆವು.

ಮೊದಲು ಹೆಸರು ಮತ್ತು ಲಾಂಛನ. ಡಿಸೋಜ, ಪಿಂಟೊ, ಲೋಬೊ, ರೊಡ್ರಿಗಸ್, ಫೆರ್ನಾಂಡಿಸ್ ಎಂಬ ಹೆಸರುಗಳನ್ನು ಹಿಡಿದು ಪೋರ್ಚುಗೀಸ್ ರಕ್ತವನ್ನು ಹುಡುಕುವವರು ಇಂದಿಗೂ ಇದ್ದಾರೆ. ಗೋವೆಯಲ್ಲಿ ಹದಿನಾರನೆಯ ಶತಮಾನದಲ್ಲಿ ಜ್ಞಾನಸ್ನಾನ ಪಡೆದವರಿಗೆ ಉಪನಾಮ ಬಂದದ್ದು ಸಾಮಾನ್ಯವಾಗಿ ಜ್ಞಾನತಂದೆಯಿಂದ ಅಥವಾ ಜ್ಞಾನಸ್ನಾನ ಕೊಟ್ಟ ಗುರುವಿನಿಂದ. ಒಬ್ಬ ಅಧಿಕಾರಿ ಒಂದೇ ದಿನ ಹತ್ತಾರು ಜನರಿಗೆ ಜ್ಞಾನತಂದೆಯಾಗಿ ನಿಂತದ್ದುಂಟು. ಅವರಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರಿಗೂ ಒಂದೇ ಹೆಸರು ಬಂತು. ಬೇರೆ ಬೇರೆ ದಿನ ಜ್ಞಾನಸ್ನಾನ ಪಡೆದ ಒಡಹುಟ್ಟಿದವರಿಗೆ ಬೇರೆ ಬೇರೆ ಹೆಸರೂ ಬಂತು. ಆದ್ದರಿಂದ ಒಂದೇ ಉಪನಾಮದವರೆಲ್ಲ ದಾಯಾದಿಗಳು ಎನ್ನಲು ಆಧಾರವಿಲ್ಲ. ಲಾಂಛನದ ಮಾತಂತೂ ಇನ್ನೂ ಸರಳ. ಯುರೋಪಿನ ರೂಢಿಯಂತೆ ಲಾಂಛನವನ್ನು ಅರಸನು ಒಬ್ಬ ವ್ಯಕ್ತಿಗೆ, ಅವನ ಸಂತತಿಗೆ ಕೊಡುತ್ತಿದ್ದನು. ಆ ಉಪನಾಮ ಇರುವವರೆಲ್ಲರಿಗೂ ಅದು ಸೇರಿದ್ದಲ್ಲ. ದೊಡ್ಡಪ್ಪನವರ ಚಿತ್ರ ಸಿಕ್ಕಿದ್ದು ಹೊರದೇಶದ ಪೇಟೆಯಲ್ಲಿ ಉಪನಾಮ ಹೇಳಿದರೆ ಲಾಂಛನ ಅಚ್ಚು ಹಾಕಿದ ಕಪ್ಪು ಕೊಡುವ ಅಂಗಡಿಯಿಂದ. ಗಲ್ಫಿನಿಂದ ಬಂದ ಅಳಿಯ ಉಡುಗೊರೆಯಾಗಿ ತಂದಿದ್ದ ಕಪ್ಪು ಅದು.

ಎರಡನೆಯದು ಕಾಲ. ಗೋವೆಯಲ್ಲಿ ಇನ್‌ಕ್ವಿಸಿಷನ್ ಸ್ಥಾಪನೆಯಾದದ್ದು 1560ರಲ್ಲಿ ಎಂಬುದು ನಿಜ. ಕುಡ್ತರಿ ಇರುವುದು ಸಾಸಷ್ಟಿಯಲ್ಲಿ. ಸಾಸಷ್ಟಿ ಮತ್ತು ಬಾರ್ದೇಸ್ ಪ್ರಾಂತಗಳು ಪೋರ್ಚುಗೀಸರಿಗೆ ಖಾಯಂ ಆಗಿ ಸೇರಿದ್ದು 1543ರಲ್ಲಿ. ಸಾಸಷ್ಟಿಯಲ್ಲಿ ಯೇಸುಸಭೆಯ ಗುರುಗಳ ಕೆಲಸ ಆರಂಭವಾದದ್ದೇ 1560ರ ಸುಮಾರಿಗೆ, ಜನ ದೊಡ್ಡ ಸಂಖ್ಯೆಯಲ್ಲಿ ಕ್ರೈಸ್ತರಾದದ್ದು ಅದರ ನಂತರ. 1583ರಲ್ಲಿ ಕೂಡ ಅದೇ ಸಾಸಷ್ಟಿಯ ಕುಂಕಳ್ಳಿಯಲ್ಲಿ ಊರಿನವರು ತಿರುಗಿಬಿದ್ದು ಯೇಸುಸಭೆಯ ಐವರನ್ನು ಕೊಂದರು. ಅಂದಮೇಲೆ 1560ರಲ್ಲೇ ಕುಡ್ತರಿಯಲ್ಲಿ ಕಥೋಲಿಕರಾಗಿ, ಕಪ್ತಾನನ ಆಪ್ತರಾಗಿ, ಲಾಂಛನ ಪಡೆದು, ಕಥೋಲಿಕರನ್ನೇ ವಿಚಾರಣೆ ಮಾಡುವ ಇನ್‌ಕ್ವಿಸಿಷನ್ನಿಗೆ ಹೆದರಿ ಅದೇ ವರ್ಷ ಊರು ಬಿಟ್ಟರು ಎನ್ನುವುದು ನಡೆಯಲು ತೀರಾ ಅವಸರದ ಕಥೆ.

ನಮ್ಮವರು ಗೋವೆ ಬಿಟ್ಟು ಕೆನರಾಕ್ಕೆ ಬಂದದ್ದು ಒಂದೇ ವರ್ಷದಲ್ಲಿ ಅಲ್ಲ, ಒಂದೇ ಕಾರಣಕ್ಕೂ ಅಲ್ಲ. ಇನ್‌ಕ್ವಿಸಿಷನ್ನಿನ ಭಯವೂ ಇತ್ತು; ಬರಗಾಲ, ಸಾಂಕ್ರಾಮಿಕ ರೋಗ, ತೆರಿಗೆಯ ಹೊರೆಯೂ ಇದ್ದವು. 1683ರಲ್ಲಿ ಸಂಭಾಜಿಯ ಸೈನ್ಯ ಬಾರ್ದೇಸ್ ಸಾಸಷ್ಟಿಗಳನ್ನು ಸೂರೆಗೈದಿತು. 1684ರಲ್ಲಿ ವೈಸರಾಯಿಯು ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿದನು. 1739ರಲ್ಲಿ ಮರಾಠರು ಮತ್ತೆ ಬಂದರು. ಇತ್ತ ಕೆಳದಿಯ ನಾಯಕರ ಸೀಮೆಯಲ್ಲಿ ಉಳುವ ಕೈ ಬೇಕಾಗಿತ್ತು, ನೆಲವಿತ್ತು. 1678ರ ಒಪ್ಪಂದದ ಮೂಲಕ ಚರ್ಚು ಕಟ್ಟಲೂ ಅವಕಾಶ ಸಿಕ್ಕಿತ್ತು. ಸಾಧಾರಣ ರೈತ ಕುಟುಂಬವೊಂದು ಹೊಟ್ಟೆಪಾಡಿಗಾಗಿ ಗಂಟುಮೂಟೆ ಕಟ್ಟಿತು ಎಂದು ಹೇಳಲು ನಮ್ಮ ಚರಿತ್ರೆ ಪುಸ್ತಕಗಳು ಯಾಕೋ ನಾಚಿಕೊಳ್ಳುತ್ತವೆ. ಎಲ್ಲರೂ ಧರ್ಮಸಂಕಟದಿಂದಲೇ ಬಂದವರು, ಎಲ್ಲರೂ ಬ್ರಾಹ್ಮಣರೇ! ಹಾಗಾದರೆ ಗೋವೆಯಲ್ಲಿ ಗದ್ದೆ ಉತ್ತವರು, ತೆಂಗಿನ ಮರ ಹತ್ತಿದವರು, ಮೀನು ಹಿಡಿದವರು ಎಲ್ಲಿ ಹೋದರು?

ಬ್ರಾಹ್ಮಣ ಮೂಲ ಹೇಳಿಕೊಳ್ಳುವವರೆಲ್ಲ ಸುಳ್ಳು ಹೇಳುತ್ತಾರೆಂದು ನಮ್ಮ ಅಭಿಪ್ರಾಯವಲ್ಲ. ಸಾರಸ್ವತರಲ್ಲಿ ಅನೇಕರು ಕ್ರೈಸ್ತರಾದದ್ದು ನಿಜ. ಪ್ರಭು, ಕಾಮತ್, ಪೈ, ಶೆಣೈ ಎಂಬ ಹಳೆಯ ಹೆಸರುಗಳನ್ನು ಇಂದಿಗೂ ನೆನಪಿಟ್ಟ ಕಥೋಲಿಕ ಮನೆಗಳಿವೆ. ಅಂಥ ಹೇಳಿಕೆಯನ್ನು ಪರೀಕ್ಷಿಸಲು ದಾರಿಯೂ ಉಂಟು, ಅದು ಗಾಂವ್‌ಕಾರಿ. ಗೋವೆಯ ಹಳ್ಳಿಗಳ ಭೂಮಿ ಬಹುಕಾಲ ಒಂದು ಸಮುದಾಯದ ಸೊತ್ತಾಗಿತ್ತು, ಆ ಸಮುದಾಯದ ಮೂಲ ಪಾಲುದಾರರೇ ಗಾಂವ್‌ಕಾರರು. ಪೋರ್ಚುಗೀಸರು ಇದನ್ನು ಅಳಿಸದೆ, ಅದರ ಪದ್ಧತಿಗಳನ್ನು 1526ರಲ್ಲಿ ಅಫೊನ್ಸೊ ಮೆಶಿಯಾ ಎಂಬ ಅಧಿಕಾರಿಯ ಮೂಲಕ ಬರೆಸಿಟ್ಟರು. ಕೊಮುನಿದಾದ್ ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆದುಬಂದಿದೆ. ಗಾಂವ್‌ಕಾರರು ವಾಂಗಡ್ ಎಂಬ ಗುಂಪುಗಳಾಗಿ ಎಣಿಕೆಯಾಗುತ್ತಾರೆ, ಗಂಡುಮಕ್ಕಳ ಹೆಸರು ಅದರಲ್ಲಿ ದಾಖಲಾಗುತ್ತದೆ, ವರ್ಷದ ಉತ್ಪತ್ತಿಯಲ್ಲಿ ಝೊಣ್ ಎಂಬ ಪಾಲು ಸಿಗುತ್ತದೆ. ಪಾಲು ಇರುವಲ್ಲಿ ಲೆಕ್ಕ ಇದ್ದೇ ಇರುತ್ತದೆ. ಆದುದರಿಂದ ಯಾರಾದರೂ ಇಂಥ ಹಳ್ಳಿಯ ಗಾಂವ್‌ಕಾರ ವಂಶದವರು ಎಂದು ಹೇಳಿಕೊಂಡರೆ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ವಾಂಗಡ್?

ಮಡಗಾವಿನಲ್ಲಿರುವ ನಮ್ಮ ಸಂಬಂಧಿಕರ ಮೂಲಕ ವಿಚಾರಿಸಿದಾಗ ನಮಗೂ ಇದೇ ಪ್ರಶ್ನೆ ಎದುರಾಯಿತು. ನಮಗೆ ಉತ್ತರ ಗೊತ್ತಿರಲಿಲ್ಲ. ದೊಡ್ಡಪ್ಪನವರಿಗೂ ಗೊತ್ತಿರಲಿಲ್ಲ, ಅವರ ತಂದೆಯಾಗಲಿ ಅಜ್ಜನಾಗಲಿ ಆ ಶಬ್ದವನ್ನು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಪಣಜಿಯಲ್ಲಿರುವ ಐತಿಹಾಸಿಕ ದಾಖಲೆಗಳ ಭಂಡಾರ 1595ರಲ್ಲಿ ಆರಂಭವಾದದ್ದು, ಅದರ ಮೊದಲ ಮುಖ್ಯಸ್ಥ ಇತಿಹಾಸಕಾರ ದಿಯೋಗೊ ದೊ ಕೌತೊ. ಒಂದೊಂದು ಮಳೆಗಾಲದ ಹಡಗಿನೊಂದಿಗೆ ಲಿಸ್ಬನ್ನಿಗೂ ಗೋವೆಗೂ ಓಡಾಡಿದ ಪತ್ರಗಳ ಸಂಪುಟಗಳೇ ಅಲ್ಲಿ ಸಾಲುಸಾಲಾಗಿವೆ. ಆದರೆ ಊರು ಮಾತ್ರ ಗೊತ್ತಿದ್ದು ವಾಂಗಡ್ ಗೊತ್ತಿಲ್ಲದ, ಉಪನಾಮ ಗೊತ್ತಿದ್ದು ಕಾಲ ಗೊತ್ತಿಲ್ಲದ ನಮ್ಮಂಥವರಿಗೆ ಅದು ಸಮುದ್ರ. ನಮ್ಮ ಬುಟ್ಟಿಗೆ ಏನೂ ಬೀಳಲಿಲ್ಲ.

ಮೂರನೆಯದು ನಮ್ಮದೇ ಚರ್ಚಿನ ದಫ್ತರಗಳು. ಮದುವೆಯ ಪುಸ್ತಕವನ್ನು ಪ್ರತಿ ಧರ್ಮಕೇಂದ್ರದ ಗುರು ಇಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ಜ್ಞಾನಸ್ನಾನದ ಪುಸ್ತಕದ ಮಾತೂ ಅದೇ ವಿಧಿಯಲ್ಲಿದೆ, ಯಾರು ಯಾರಿಗೆ ಜ್ಞಾನತಂದೆ ತಾಯಿಯರು ಎಂದು ತಿಳಿಯದೆ ಮದುವೆ ಮಾಡಿಸುವಂತಿರಲಿಲ್ಲ. 1614ರ ರೋಮನ್ ವಿಧಿಗ್ರಂಥ ಮರಣದ ಪುಸ್ತಕವನ್ನೂ ಮನೆಮನೆಯ ಆತ್ಮಗಳ ಲೆಕ್ಕವನ್ನೂ ಸೇರಿಸಿತು. ಮಂಗಳೂರಿನಲ್ಲಿ ರೊಸಾರಿಯೊ ಚರ್ಚು 1568ರಷ್ಟು ಹಳೆಯದು. ಹೀಗೆ ನೋಡಿದರೆ ನಮ್ಮಲ್ಲಿ ನಾನ್ನೂರು ವರ್ಷಕ್ಕೂ ಮಿಕ್ಕಿದ ಪುಸ್ತಕಗಳು ಇರಬೇಕಿತ್ತು.

ಇಲ್ಲ. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಸುಮಾರಿಗೆ ಕೆನರಾದ ಕಥೋಲಿಕರ ಸೆರೆ ಆರಂಭವಾಯಿತು. ಘಾಟಿ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ, 30,000ದಿಂದ 80,000ದವರೆಗೆ ಹೋಗುತ್ತದೆ. ಹದಿನೈದು ವರ್ಷಗಳ ನಂತರ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಮರಳಿದರು. ಅಷ್ಟರಲ್ಲಿ ಚರ್ಚುಗಳನ್ನು ಕೆಡವಲಾಗಿತ್ತು, ಜಮೀನು ಬೇರೆಯವರ ಕೈ ಸೇರಿತ್ತು, ಪುಸ್ತಕಗಳು ಹೆಚ್ಚಿನ ಕಡೆ ನಾಶವಾಗಿದ್ದವು. ಸೆರೆಯಲ್ಲಿ ಸತ್ತವರ ಹೆಸರಿನ ಪಟ್ಟಿ ಯಾರೂ ಇಡಲಿಲ್ಲ. ನಮ್ಮ ಜನಾಂಗದ ನೆನಪಿನ ನಡುವೆ ಇರುವ ದೊಡ್ಡ ಹೊಂಡ ಇದು.

ವಂಶಾವಳಿಗಳಲ್ಲಿ ಕಲ್ಪನೆ ನುಗ್ಗುವುದು ಈ ಹೊಂಡದ ಮೂಲಕವೇ. 1784ಕ್ಕಿಂತ ಹಿಂದಿನದನ್ನು ಏನು ಹೇಳಿದರೂ "ಪುಸ್ತಕ ಸುಟ್ಟುಹೋಗಿದೆ" ಎನ್ನಬಹುದು. ಇಲ್ಲವೆಂದು ತೋರಿಸಲು ಯಾರಿಂದಲೂ ಆಗದು. ನಮ್ಮ ದೊಡ್ಡಪ್ಪನೂ ಅದನ್ನೇ ಹೇಳಿದರು. ಪುಸ್ತಕ ಸುಟ್ಟುಹೋದ ಮೇಲೆ 1784ಕ್ಕಿಂತ ಹಿಂದಿನ ಏಳು ತಲೆಮಾರಿನ ಹೆಸರು ನಮಗೆ ಎಲ್ಲಿಂದ ಬಂತು ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಪಾಟಿನಿಂದ ಒಂದು ಹಳೆಯ ಪುಸ್ತಿಕೆಯನ್ನು ತೆಗೆದುಕೊಟ್ಟರು. ಅದು ನಮ್ಮದೇ ಉಪನಾಮದ, ಬೇರೆ ಊರಿನ ಕುಟುಂಬವೊಂದು ಎಷ್ಟೋ ವರ್ಷಗಳ ಹಿಂದೆ ಅಚ್ಚು ಹಾಕಿಸಿದ್ದು. ಏಳು ಹೆಸರೂ ಅದರಲ್ಲಿದ್ದವು, ಅದೇ ಕ್ರಮದಲ್ಲಿ. "ಉಪನಾಮ ಒಂದೇ ಆದಮೇಲೆ ಮೂಲ ಒಂದೇ ಅಲ್ಲವೇ" ಎಂಬುದು ದೊಡ್ಡಪ್ಪನವರ ವಾದ. ಅವರು ಮೋಸ ಮಾಡಿದವರಲ್ಲ, ನಂಬಿ ಬರೆದುಕೊಂಡವರು. ಆದರೆ ಆ ಪುಸ್ತಿಕೆಯಲ್ಲಿ ಕುಡ್ತರಿಯನ್ನು ಬಾರ್ದೇಸಿನ ಗ್ರಾಮ ಎಂದು ಬರೆದಿತ್ತು. ದೊಡ್ಡಪ್ಪನವರ ಫೈಲಿನಲ್ಲೂ ಬಾರ್ದೇಸ್ ಎಂದೇ ಇತ್ತು. ಕುಡ್ತರಿ ಸಾಸಷ್ಟಿಯಲ್ಲಿರುವುದು; ಬಾರ್ದೇಸ್ ಮಾಂಡವಿ ನದಿಯ ಆಚೆ. ಒಂದು ಮನೆಯವರು ತಮ್ಮ ಮೂಲ ಊರು ನದಿಯ ಯಾವ ದಡದಲ್ಲಿದೆ ಎಂಬುದನ್ನೇ ತಪ್ಪಾಗಿ ಹೇಳುವುದು, ಇನ್ನೊಂದು ಮನೆಯವರು ಅದೇ ತಪ್ಪನ್ನು ಹೇಳುವುದು ನಕಲಿನಿಂದ ಮಾತ್ರ ಸಾಧ್ಯ. ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಯಾವ ಮಾಸ್ತರರೂ ಇದನ್ನು ಬಲ್ಲರು.

ಜಮೀನಿನ ವಿಷಯ ಬೇಗ ಮುಗಿಯಿತು. ಮೂಲಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜ ಸಲ್ಲಿಸಿದ್ದ 7ನೇ ನಮೂನೆಯ ಅರ್ಜಿಯ ಪ್ರತಿ ಸಿಕ್ಕಿತು. 1974ರ ಭೂಸುಧಾರಣೆಯ ಕಾಯಿದೆ ಬಂದಾಗ ಉಳುವ ಒಕ್ಕಲು ಭೂಮಿಯ ಹಕ್ಕಿಗಾಗಿ ಡಿಕ್ಲರೇಶನ್ ಕೊಟ್ಟ ಅರ್ಜಿ ಅದು. ಜೊತೆಗೆ ಗೇಣಿ ಚೀಟಿಗಳ ಕಟ್ಟು. ಚಾಲಗೇಣಿ ಒಕ್ಕಲು ಎಂದು ಅಜ್ಜ ತಾನೇ ಬರೆದು ರುಜು ಹಾಕಿದ್ದಾರೆ. ಆ ಅರ್ಜಿಯಿಂದಲೇ ನಮ್ಮ ಗದ್ದೆ ನಮ್ಮದಾಯಿತು. ಚರಿತ್ರೆಯಲ್ಲಿ ವರ್ಗದಾರರು, ಸರಕಾರದ ಕಾಗದದಲ್ಲಿ ಗೇಣಿದಾರರು! ಹಿಂದೆ ಎಂದೋ ಒಂದು ಕಾಲದಲ್ಲಿ ವರ್ಗವಿದ್ದು ಕಳೆದುಹೋಗಿರಲೂಬಹುದು, ಸೆರೆಯಿಂದ ಮರಳಿದವರಲ್ಲಿ ಹಾಗಾದವರು ಇದ್ದಾರೆ. ನಮ್ಮ ಬಗ್ಗೆ ಹಾಗೆ ಹೇಳುವ ಕಾಗದವಂತೂ ಸಿಗಲಿಲ್ಲ.

ಇನ್ನು 1799ರ ಈಚೆಗಿನ ಪುಸ್ತಕಗಳು. ಗುರುಗಳ ಅನುಮತಿ ಪಡೆದು, ಭಾನುವಾರದ ಎರಡನೆಯ ಪೂಜೆಯ ನಂತರ, ಕಚೇರಿಯ ಕಿಟಕಿಯ ಬಳಿ ಕುಳಿತು ಓದಿದೆವು. ಒಟ್ಟು ಹನ್ನೊಂದು ಭಾನುವಾರ. ಮೊದಲ ಪುಟಗಳು ಪೋರ್ಚುಗೀಸಿನಲ್ಲಿವೆ, ಮುಂದೆ ಲ್ಯಾಟಿನ್. ನಮ್ಮ ಕರಾವಳಿ 1838ರವರೆಗೆ ಗೋವೆಯ ಮಹಾಧರ್ಮಾಧ್ಯಕ್ಷರ ಅಧೀನದಲ್ಲಿತ್ತು, ಬಳಿಕ ವರಾಪುಳಕ್ಕೆ ಸೇರಿತು, 1845ರಲ್ಲಿ ಬೇರೆಯಾಯಿತು, ಕಾರ್ಮೆಲ್ ಸಭೆಯವರು ನೋಡಿಕೊಂಡರು, 1878ರ ಕೊನೆಯಲ್ಲಿ ಯೇಸುಸಭೆಯವರು ಬಂದರು, 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಯಿತು. ಒಬ್ಬೊಬ್ಬರ ಕೈಬರಹ ಒಂದೊಂದು ರೀತಿ. ಗೆದ್ದಲು ತಿಂದ ಅಂಚು, ಹಿಂದಿನ ಪುಟಕ್ಕೆ ಇಳಿದ ಮಸಿ. ಕಣ್ಣು ಪಳಗಲು ಮೂರು ಭಾನುವಾರ ಬೇಕಾಯಿತು.

ಇಲ್ಲಿ ಒಂದು ತೊಡಕನ್ನು ಹೇಳಲೇಬೇಕು. ನಮ್ಮಲ್ಲಿ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿ. ಅದರಿಂದ ಜುವಾಂವ್, ಪೆದ್ರು, ಸಾಲ್ವದೋರ್ ಎಂಬ ಮೂರು ನಾಲ್ಕು ಹೆಸರುಗಳೇ ತಿರುಗಿ ತಿರುಗಿ ಬರುತ್ತವೆ. ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಒಂದೇ ಉಪನಾಮದ ಇಬ್ಬರು ಪೆದ್ರುಗಳು ಇರುವುದು ಸಾಮಾನ್ಯ. ಹೆಸರು ಕಂಡ ಕೂಡಲೇ "ಸಿಕ್ಕಿದರು" ಎಂದು ಕುಣಿದರೆ ಪಕ್ಕದ ಮನೆಯ ಅಜ್ಜನನ್ನು ನಮ್ಮವರೆಂದು ಬರೆದುಕೊಂಡಂತೆ. ನಾವೂ ಒಮ್ಮೆ ಹಾಗೆ ಕುಣಿದವರೇ. ಎರಡು ವಾರ ತಪ್ಪು ಪೆದ್ರುವಿನ ಹಿಂದೆ ಹೋದೆವು. ಆಮೇಲೆ ಒಂದು ನಿಯಮ ಮಾಡಿಕೊಂಡೆವು: ತಂದೆಯ ಹೆಸರು, ತಾಯಿಯ ಹೆಸರು, ಮನೆ ಇರುವ ಸ್ಥಳ, ಈ ಮೂರೂ ಕನಿಷ್ಠ ಎರಡು ದಾಖಲೆಗಳಲ್ಲಿ ಹೊಂದಿದರೆ ಮಾತ್ರ ಒಪ್ಪುವುದು.

ಹೀಗೆ ಒಪ್ಪುತ್ತಾ ಹಿಂದೆ ಹಿಂದೆ ಹೋದಾಗ 1820ರ ದಶಕದ ಒಂದು ಮದುವೆಗೆ ತಲುಪಿದೆವು. ವರ ನಮ್ಮ ಪೂರ್ವಜ, ದೊಡ್ಡಪ್ಪನವರ ಪಟ್ಟಿಯಲ್ಲಿಯೂ ಇರುವವರು. ವಧುವಿನ ಹೆಸರು ಮರಿಯಾ. ಅವಳ ತಂದೆಯ ಹೆಸರಿರಬೇಕಾದ ಜಾಗ ಖಾಲಿ. ಕುತೂಹಲದಿಂದ ಜ್ಞಾನಸ್ನಾನದ ಪುಸ್ತಕ ತೆರೆದೆವು. ಮದುವೆಗೆ ನಾಲ್ಕು ದಿನ ಮೊದಲಿನ ತಾರೀಕಿಗೆ ವಯಸ್ಕ ಹೆಣ್ಣೊಬ್ಬಳ ಜ್ಞಾನಸ್ನಾನ ದಾಖಲಾಗಿದೆ. ಹೆಸರು ಮರಿಯಾ; ಹೆತ್ತವರು ಕ್ರೈಸ್ತರಲ್ಲ; ಘಟ್ಟದ ಬುಡದ ಒಂದು ಊರಿನವಳು; ಜ್ಞಾನತಾಯಿಯಾಗಿ ನಿಂತವಳು ವರನ ತಾಯಿ. ಅಷ್ಟೇ, ನಾಲ್ಕು ಸಾಲು. ಮುಂದೆ ಅವಳ ಐದು ಮಕ್ಕಳ ಜ್ಞಾನಸ್ನಾನದ ದಾಖಲೆಗಳಲ್ಲಿ ತಾಯಿಯಾಗಿ ಅವಳ ಹೆಸರಿದೆ. ಮೂರನೆಯ ಮಗನಿಂದ ಇಳಿದವರು ನಾವು, ದೊಡ್ಡಪ್ಪ, ಅತ್ತೆ, ಅತ್ತೆಯ ಮಗಳು ಎಲ್ಲರೂ.

ಅವಳ ಜಾತಿ ಯಾವುದೆಂದು ಗುರುಗಳು ಬರೆದಿಲ್ಲ. ಅವಳ ಹಳೆಯ ಹೆಸರನ್ನೂ ಬರೆದಿಲ್ಲ. ಗೋವೆಯವಳಲ್ಲ, ಕೊಂಕಣಿ ಆಡಿ ಬೆಳೆದವಳೂ ಆಗಿರಲಾರಳು. ಫೈಲಿನ ಹದಿನಾಲ್ಕು ತಲೆಮಾರಿನ ಗಂಡಸರ ಪಟ್ಟಿಯಲ್ಲಿ ಅವಳಿಗೆ ಜಾಗವೇ ಇರಲಿಲ್ಲ, ಬೇರೆ ಯಾವ ಹೆಂಗಸಿಗೂ ಇರಲಿಲ್ಲ ಎನ್ನಿ. ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬೊಬ್ಬರಿಗೂ 1,024 ಹಿರಿಯರ ಸ್ಥಾನಗಳಿರುತ್ತವೆ, ಹದಿನಾಲ್ಕಕ್ಕೆ 16,384. ಅವರಲ್ಲಿ ಮದುವೆಯಾದ ನೆಂಟರು ಸೇರಿ ಕೆಲವರು ಎರಡೆರಡು ಬಾರಿ ಎಣಿಕೆಯಾಗುತ್ತಾರೆ, ಇರಲಿ. ಅಷ್ಟು ಜನರಲ್ಲಿ ತಂದೆಯ ತಂದೆಯ ತಂದೆ ಎಂದು ಒಂದು ಎಳೆಯನ್ನು ಹಿಡಿದು ಅದನ್ನೇ "ನಮ್ಮ ರಕ್ತ" ಎನ್ನುವುದು ವಾಡಿಕೆಯಾಗಿದೆ. ಕೆನಡಾದಲ್ಲಿರುವ ನಮ್ಮ ತಮ್ಮನೊಬ್ಬ ಈ ನಡುವೆ ಎಂಜಲು ಕಳುಹಿಸಿ ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದ. ಪೋರ್ಚುಗಲ್ಲಿನ ಅಂಶ ಏನೂ ಬರಲಿಲ್ಲ. ದಕ್ಷಿಣ ಏಷ್ಯಾದವರು ಎಂದು ಬಂತು. ಅಷ್ಟು ತಿಳಿಯಲು ಕನ್ನಡಿ ಸಾಕಿತ್ತು ಎಂದು ಅವನ ತಾಯಿ ನಕ್ಕರು. ಅಂಥ ಪರೀಕ್ಷೆಗಳು ದೂರದ ನೆಂಟರನ್ನು ಹುಡುಕಿಕೊಡುವುದುಂಟು. ಕುಡ್ತರಿಯ ಪ್ರಭುವೋ ಅಲ್ಲವೋ ಎಂದು ಅವು ಹೇಳಲಾರವು.

ದೊಡ್ಡಪ್ಪನಿಗೆ ಈ ನಾಲ್ಕು ಸಾಲನ್ನು ತೋರಿಸುವ ಧೈರ್ಯ ಬರಲು ನಮಗೆ ತಿಂಗಳುಗಳೇ ಬೇಕಾದವು. ತೋರಿಸಿದಾಗ ಅವರು, "ಇದು ಬೇರೆ ಯಾರೋ ಮರಿಯಾ" ಎಂದರು. ನ್ಯಾಯವಾದ ಸಂಶಯವೇ, ತಪ್ಪು ಪೆದ್ರುವಿನ ಹಿಂದೆ ಹೋದ ನಾವು ಅದನ್ನು ತಳ್ಳಿಹಾಕುವಂತಿರಲಿಲ್ಲ. ಐದು ಮಕ್ಕಳ ದಾಖಲೆಯನ್ನೂ ಮನೆಯ ಸ್ಥಳವನ್ನೂ ಒಂದೊಂದಾಗಿ ತೋರಿಸಿದೆವು. ಅವರು ಓದಿದರು, ಕನ್ನಡಕ ತೆಗೆದಿಟ್ಟರು, "ಪುಸ್ತಕ ಬೇಡ ಬಿಡಿ" ಎಂದು ಎದ್ದು ಹೋದರು. ಮನೆಯ ನೂರನೆಯ ವರ್ಷದ ಪೂಜೆ ಪುಸ್ತಕವಿಲ್ಲದೆಯೇ ನಡೆಯಿತು. ಲಾಂಛನದ ಚಿತ್ರ ಹಾಕಿದ ಟವೆಲುಗಳನ್ನು ಮೊದಲೇ ಮಾಡಿಸಿಯಾಗಿತ್ತು, ಅವನ್ನು ಹಂಚಲಾಯಿತು. ಈಗಲೂ ನಮ್ಮ ಬಚ್ಚಲುಮನೆಯಲ್ಲಿ ಒಂದು ಸಿಂಹವಿದೆ.

ಅದರ ಮುಂದಿನ ಮೊಂತಿ ಹಬ್ಬಕ್ಕೆ ಗುರುಗಳು ಮತ್ತೆ ಪೂರ್ತಿ ವಂಶಾವಳಿ ಓದಿದರು. ಪ್ರಬೋಧನೆಯಲ್ಲಿ ಅವರು ಹೇಳಿದ ಕೆಲವು ವಿಷಯಗಳನ್ನು ನಾವು ಆಮೇಲೆ ಬೈಬಲ್ಲಿನಲ್ಲಿ ಹೊಂದಿಸಿ ನೋಡಿದೆವು. ಮತ್ತಾಯ ಹದಿನಾಲ್ಕು ಹದಿನಾಲ್ಕರಂತೆ ಮೂರು ಕಂತು ಮಾಡುತ್ತಾನೆ. ಲೆಕ್ಕ ಕೂಡಿಬರಲೆಂದು ಯೋರಾಮನಿಗೂ ಉಜ್ಜೀಯನಿಗೂ ನಡುವಿನ ಮೂವರು ಅರಸರನ್ನು ಬಿಟ್ಟಿದ್ದಾನೆ. ಹಳೆಯ ಒಡಂಬಡಿಕೆಯ ಇತಿಹಾಸ ಗ್ರಂಥದಲ್ಲಿ ಆ ಮೂವರೂ ಇದ್ದಾರೆ. ಸಂತ ಜೋಸೆಫರ ತಂದೆ ಮತ್ತಾಯನಲ್ಲಿ ಯಕೋಬ, ಲೂಕನಲ್ಲಿ ಹೇಲಿ. ಇದಕ್ಕೆ ಸಮಾಧಾನ ಹುಡುಕುವ ಕೆಲಸ ಮೂರನೆಯ ಶತಮಾನದ ಆಫ್ರಿಕಾನುಸನ ಕಾಲದಿಂದ ನಡೆದಿದೆ. ನಾವು ಹಬ್ಬ ಆಚರಿಸುವ ಮಾತೆಯ ತಂದೆತಾಯಿ ಯೊವಾಕಿಮ್ ಮತ್ತು ಅನ್ನಮ್ಮನವರ ಹೆಸರಂತೂ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲೂ ಇಲ್ಲ. ಅದು ಯಕೋಬನ ಹೆಸರಿನಲ್ಲಿರುವ, ಬೈಬಲ್ಲಿಗೆ ಸೇರದ, ಎರಡನೆಯ ಶತಮಾನದ ಗ್ರಂಥವೊಂದರಿಂದ ಬಂದದ್ದು. ಧರ್ಮಸಭೆ ಆ ಪರಂಪರೆಯನ್ನು ಗೌರವಿಸುತ್ತದೆ, ಅದನ್ನು ಶುಭಸಂದೇಶದ ಪುಟಕ್ಕೆ ಸೇರಿಸಲಿಲ್ಲ. ಎಜ್ರನ ಗ್ರಂಥದಲ್ಲಿ, ಬಾಬಿಲೋನಿನ ಸೆರೆಯಿಂದ ಮರಳಿದ ಕೆಲವು ಯಾಜಕ ಮನೆತನದವರು ವಂಶಾವಳಿಯ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಿ ಕಾಣದೆ ಯಾಜಕತ್ವ ಕಳೆದುಕೊಂಡ ಪ್ರಸಂಗವೂ ಇದೆ. ಶ್ರೀರಂಗಪಟ್ಟಣದಿಂದ ಮರಳಿದವರ ಮಕ್ಕಳಾದ ನಮಗೆ ಅದನ್ನು ಓದುವಾಗ ಮೈ ಜುಮ್ಮೆಂದಿತು.

ಆದರೆ ಆ ದಿನ ದೊಡ್ಡಪ್ಪ ಗಮನಿಸಿದ್ದು ಬೇರೆ. ಮನೆಗೆ ಬರುವ ದಾರಿಯಲ್ಲಿ, ತೆನೆ ಕೈಯಲ್ಲಿ ಹಿಡಿದುಕೊಂಡೇ, "ಆ ಪಟ್ಟಿಯಲ್ಲಿ ರೂತ್ ಎಂಬವಳು ಯಾವ ಊರಿನವಳು?" ಎಂದು ಕೇಳಿದರು. ಮೋವಾಬಿನವಳು, ಇಸ್ರಯೇಲಿನವಳಲ್ಲ ಎಂದೆವು. ರಾಹಾಬ ಜೆರಿಕೊದವಳು. ತಾಮಾರಳೂ ಊರೀಯನ ಹೆಂಡತಿಯೂ ಇದ್ದಾರೆ. "ಅರಸರನ್ನು ಬಿಟ್ಟಿದ್ದಾನೆ, ಇವರನ್ನು ಬಿಟ್ಟಿಲ್ಲ" ಎಂದರು. ಮತ್ತೇನೂ ಹೇಳಲಿಲ್ಲ.

ಎರಡು ವರ್ಷ ಬಿಟ್ಟು ಪುಸ್ತಕ ಅಚ್ಚಾಯಿತು. ನಲವತ್ತು ಪುಟ ಇಪ್ಪತ್ತೆರಡಕ್ಕೆ ಇಳಿದಿತ್ತು. ದಾಖಲೆಯಿಂದ ತಿಳಿದದ್ದು 1799ರ ಈಚಿನಿಂದ ಆರಂಭವಾಗುತ್ತದೆ, ಒಂದೊಂದು ಹೆಸರಿನ ಕೆಳಗೂ ಅದು ಯಾವ ಪುಸ್ತಕದ್ದೆಂದು ಬರೆದಿದೆ. ಗಂಡಸರ ಜೊತೆ ಹೆಂಗಸರ ಹೆಸರು, ಅವರ ತವರೂರು ಸೇರಿವೆ. 7ನೇ ನಮೂನೆಯ ಅರ್ಜಿಯ ಚಿತ್ರವಿದೆ. ಕಾಡಿನಲ್ಲಿ ತಪ್ಪಿಸಿಕೊಂಡ ಅಜ್ಜನ ಕಥೆ, ಗೋವೆಯ ಕಥೆ ಎರಡೂ ಕೊನೆಯಲ್ಲಿ "ಹಿರಿಯರು ಹೇಳುತ್ತಿದ್ದದ್ದು" ಎಂಬ ತಲೆಬರಹದಡಿ ಇವೆ. ಅವನ್ನು ಕಿತ್ತೆಸೆಯಲು ನಮಗೂ ಮನಸ್ಸಿರಲಿಲ್ಲ, ಯಾವುದೋ ಒಂದು ಎಳೆ ಅದರಲ್ಲಿ ನಿಜವಿರಬಹುದು. ಬೇರೆ ಮನೆಯ ಏಳು ಹೆಸರುಗಳನ್ನು ಮಾತ್ರ ತೆಗೆದೆವು. ಪ್ರಭು ಎಂಬ ಶಬ್ದವನ್ನು ದೊಡ್ಡಪ್ಪ ತಾವೇ ಹೊಡೆದುಹಾಕಿದರು. ಲಾಂಛನದ ಜಾಗದಲ್ಲಿ ಮೂಲಮನೆಯ ಜಗಲಿಯ ಫೋಟೊ ಬಂತು.

ಮೊದಲ ಪ್ರತಿಯನ್ನು ದೊಡ್ಡಪ್ಪ ಅತ್ತೆಯ ಮಗಳ ಕೈಗೆ ಕೊಟ್ಟರು. ಏನೋ ಹೇಳಬೇಕೆಂದಿದ್ದರು, ಆಗಲಿಲ್ಲ. ಅವರು ಪುಸ್ತಕ ತೆರೆದು ಏಳನೆಯ ಪುಟದಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಮರಿಯಾ ಹುಟ್ಟಿದ ಊರಿನ ಹೆಸರಿನ ಮೇಲೆ ಬೆರಳಿಟ್ಟು, ಅಲ್ಲಿಗೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸಿದೆ ಎಂದು ನಮ್ಮನ್ನು ಕೇಳಿದರು.